ದಾವೀದಪ್ಪನ ಸುಗ್ಗಿ ಹಾಡು

ಎಲ್ಲದಕ್ಕೂ ಕಾರಣ ಒಂದು ಜೆರಾಕ್ಸ್ ಹಾಳೆ. ನವೆಂಬರ್ ತಿಂಗಳ ಆ ಭಾನುವಾರ ಬೆಳಿಗ್ಗೆ ಬಳ್ಳಾರಿಯ ಗಾಂಧಿನಗರದಿಂದ ಸಿರುಗುಪ್ಪದ ಚರ್ಚಿಗೆ ಹೊರಟಿದ್ದ ಟೆಂಪೋದಲ್ಲಿ, ಗಾಯನವೃಂದ ನಡೆಸುವ ಸೆಲಿನಮ್ಮ ಟೀಚರ್ ಹಾಡುಗಳ ಪಟ್ಟಿ ಹಂಚಿದರು. ಸುಗ್ಗಿ ಆರಾಧನೆಯ ಮೊದಲನೇ ಹಾಡಿನ ಎದುರು ‘ಒಂಟಿ ದನಿ: ಜಯಪಾಲ’ ಎಂದಿತ್ತು.

ದಾವೀದಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಹದಿನೆಂಟು ವರ್ಷ ಆ ಹಾಡನ್ನು ಹಾಡಿದವನು ಅವನೇ. ದಸರೆ ಮುಗಿಯುತ್ತಲೇ ಬ್ರೂಸ್‌ಪೇಟೆಯ ತನ್ನ ಅಂಗಡಿಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತ ಅಭ್ಯಾಸಕ್ಕಿಳಿಯುತ್ತಿದ್ದ. ಸುಗ್ಗಿಯಲ್ಲಿ ಹಾಡಿ, ಆ ಹುಮ್ಮಸ್ಸಿನಲ್ಲೇ ಕ್ರಿಸ್‌ಮಸ್‌ವರೆಗೆ ಎದೆಯುಬ್ಬಿಸಿ ಓಡಾಡುತ್ತಿದ್ದ. ಈ ಜಯಪಾಲ ಬ್ಯಾಂಕಿಗೆ ವರ್ಗವಾಗಿ ಬಂದು ಬರೀ ಮೂರು ತಿಂಗಳು. ದನಿ ಬೆಣ್ಣೆ ಸವರಿದ ಹಾಗೆ. ಕೂದಲೂ ಹಾಗೇ.

“ಏನ್ ದಾವೀದಪ್ಪ, ನಿನ್ನ ಹಾಡು ಹೊಸಬರ ಪಾಲಾತಂತಲ್ಲ?” ಟೆಂಪೋ ಓಡಿಸುತ್ತಿದ್ದ ಗೌಸಸಾಬ್ ಕನ್ನಡಿಯಲ್ಲೇ ಕೇಳಿದ.

“ನಾನಾ ಬಿಟ್ಟುಕೊಟ್ಟೀನಿ ಬಿಡೋ.”

“ಹಂಗಾರ ಮುಖ ಯಾಕ ಹರಳೆಣ್ಣಿ ಕುಡದಂಗ ಐತಿ?”

ಎಲ್ಲರೂ ನಕ್ಕರು. ಜಯಪಾಲನೂ ನಕ್ಕ, ಅದೂ ಶ್ರುತಿಬದ್ಧವಾಗಿ. ದಾವೀದಪ್ಪನ ಹೊಟ್ಟೆಯಲ್ಲಿ ಸೀಮೆಎಣ್ಣೆ ಸ್ಟವ್ ಹೊತ್ತಿಕೊಂಡಿತು.

ಇನ್ನಿಬ್ಬರು ಹಾಡುಗಾರ್ತಿಯರನ್ನು ಹತ್ತಿಸಿಕೊಳ್ಳಲು ಟೆಂಪೋ ಕುರುಗೋಡಿನಲ್ಲಿ ನಿಂತಿತು. ದಾವೀದಪ್ಪ ಓಡಿಹೋಗಿ ಬಿಸಿ ಮಿರ್ಚಿ ಬಜ್ಜಿಯನ್ನೂ ಐಸ್ ಹಾಕಿದ ಸೋಡಾವನ್ನೂ ತಂದು ಜಯಪಾಲನಿಗೆ ಹಿಡಿದ. ಎರಡೂ ಸೇರಿದರೆ ಎಂಥ ಗಂಟಲೂ ಹರಿದ ಗೋಣಿಚೀಲವಾಗುತ್ತದೆಂದು ಅವನ ಲೆಕ್ಕ.

“ಎಷ್ಟು ಪ್ರೀತಿರಿ ಅಣ್ಣಾರ ನಿಮ್ದು!” ಎಂದ ಜಯಪಾಲ. “ಆದ್ರ ಹಾಡೋ ದಿನ ನಾನು ಬಿಸಿನೀರು ಬಿಟ್ಟು ಏನೂ ಮುಟ್ಟಂಗಿಲ್ರಿ.”

ಮಿರ್ಚಿ, ಸೋಡಾ ಎರಡೂ ಗೌಸಸಾಬನ ಹೊಟ್ಟೆ ಸೇರಿದವು.

ಸಿರುಗುಪ್ಪದ ಚರ್ಚಿನ ವೇದಿಕೆಯ ಮೇಲೆ ಆಗಷ್ಟೇ ಕೊಯ್ದ ಭತ್ತದ ಸಿವುಡುಗಳನ್ನು ಆಳೆತ್ತರ ಒಟ್ಟಿದ್ದರು. ವೃಂದಕ್ಕೆ ನುಡಿಸುವ ಸ್ಟೀಫನ್ ತನ್ನ ಕೀಬೋರ್ಡ್ ಜೋಡಿಸಿಟ್ಟು ಎಲ್ಲರೊಡನೆ ಉಪ್ಪಿಟ್ಟಿಗೆ ಹೋದ. ದಾವೀದಪ್ಪ ಒಬ್ಬನೇ ಹಿಂದುಳಿದ. ಆ ಪೆಟ್ಟಿಗೆಯಲ್ಲೊಂದು ಗುಂಡಿ ಇತ್ತು. ಅದನ್ನು ಒತ್ತಿದರೆ, ಎಂದಿನಂತೆ ನುಡಿಸಿದರೂ ಶ್ರುತಿ ತಾನಾಗಿ ಮೇಲೇರುತ್ತಿತ್ತು. ಅವನು ಅದನ್ನು ಐದು ಸಲ ಒತ್ತಿದ. ‘ಹಾಡಪಾ ಬೆಣ್ಣಿರಾಜ, ಈಗ ಹಾಡು’ ಎಂದುಕೊಂಡು ತಾನೂ ಉಪ್ಪಿಟ್ಟಿಗೆ ನಡೆದ.

ಆರಾಧನೆ ಶುರುವಾಯಿತು. ಜಯಪಾಲ ಸಿವುಡುಗಳ ಪಕ್ಕ ನಿಂತು ಆಳವಾಗಿ ಉಸಿರೆಳೆದುಕೊಂಡ. ಹೊಸ ಭತ್ತದ ಸುಂಕು, ದೂಳೆಲ್ಲ ಮೂಗಿಗೆ ಏರಿತು. “ಆಕ್ಷೀ!” ಮತ್ತೊಂದು. ಹನ್ನೊಂದನೇ ಸೀನಿಗೆ ಕಣ್ಣು, ಮೂಗು ಟೊಮೆಟೊ ಆದವು.

“ದಾವೀದಪ್ಪಾ, ಏಳ್ರಿ! ನೀವಾ ಹಾಡ್ರಿ!” ಎಂದು ಸೆಲಿನಮ್ಮ ಪಿಸುಗುಟ್ಟಿದರು.

ಐದು ಸಲ ಒತ್ತಿದ ಗುಂಡಿ ದಾವೀದಪ್ಪನಿಗೆ ಆಗ ನೆನಪಾಯಿತು. ಎದ್ದು ನಿಂತು, ಶ್ರುತಿ ಇಳಿಸು ಎಂದು ಸ್ಟೀಫನ್‌ಗೆ ಅಂಗೈ ಕೆಳಗೆ ಮಾಡಿ ತೋರಿಸಿದ. ಸ್ಟೀಫನ್ ತಲೆಯಾಡಿಸಿ ಸೌಂಡ್ ಇಳಿಸಿದ. ಮತ್ತೆ ತೋರಿಸಿದ. ಸೌಂಡ್ ಇನ್ನೂ ಇಳಿಯಿತು. ಇಡೀ ಚರ್ಚು ಅವನನ್ನೇ ನೋಡುತ್ತಿತ್ತು. ದೇವರ ಮೇಲೆ ಭಾರ ಹಾಕಿ ಬಾಯಿ ತೆರೆದ.

ಮೊದಲ ಸಾಲು ಹೇಗೋ ದಾಟಿತು. ಎರಡನೆಯದಕ್ಕೆ ಅವನ ದನಿ ಮುರಿದು, ಗಂಟಲಿನ ಯಾವುದೋ ಹಿಂಬಾಗಿಲಿನಿಂದ ಹೊರಬಂದು, ಕೊಳಲಿನಷ್ಟು ಸಣ್ಣಗಾಗಿ ಮೇಲಕ್ಕೇರಿತು. ಅಳುತ್ತಿದ್ದ ಕೂಸೊಂದು ಅಳು ನಿಲ್ಲಿಸಿ ನೋಡಿತು. ಹಾಡು ಮುಗಿದಾಗ ಪಾಸ್ಟರು ಕಣ್ಣೊರೆಸಿಕೊಂಡರು, ಜನ ಚಪ್ಪಾಳೆ ತಟ್ಟಿದರು. ಜಯಪಾಲ ಸೀನುತ್ತಲೇ ಬಂದು ಕೈ ಕುಲುಕಿದ. ದಾವೀದಪ್ಪನಿಗೆ ನೆಲವೇ ಕಾಣಲಿಲ್ಲ.

ಊಟದ ಹೊತ್ತಿಗೆ ಅವನು ಸೆಲಿನಮ್ಮನ ಬಳಿ ಸುಳಿದ. “ಕ್ರಿಸ್‌ಮಸ್ ಒಂಟಿ ಹಾಡು ಇನ್ನ ನನಗಾ ಅಲ್ರಿ ಟೀಚರ್?”

“ಛೇ, ಅದು ಗಂಡು ದನಿ ಹಾಡು. ಜಯಪಾಲ ಹಾಡ್ಲಿ. ಹದಿನೆಂಟು ವರ್ಷ ನಿಮ್ಮನ್ನ ತಪ್ಪು ಸಾಲಿನಾಗ ನಿಂದ್ರಿಸಿಬಿಟ್ಟೆ ನೋಡ್ರಿ. ಬರೋ ವಾರದಿಂದ ಹೆಣ್ಮಕ್ಕಳ ಸಾಲಿಗೆ ಬರ್ರಿ. ಅಲ್ಲಿ ಮ್ಯಾಲಿನ ದನಿಗೆ ಒಬ್ರು ಕಡಿಮಿ ಅದಾರ.”

ಇಲ್ಲ ಎಂದು ಗುಡುಗಲು ದಾವೀದಪ್ಪ ಬಾಯಿ ತೆರೆದ. ಆಯಾಸಗೊಂಡ ಗಂಟಲಿನಿಂದ ಕೀರಲಾದ “ಟೀಚರ್!” ಒಂದೇ ಹೊರಬಿತ್ತು.

“ಕೇಳಿದ್ರೇನು?” ಸೆಲಿನಮ್ಮ ಹಿಗ್ಗಿ ಎಲ್ಲರ ಕಡೆ ತಿರುಗಿದರು. “ಮಾತಾಡಿದ್ರೂ ಅದಾ ಶ್ರುತಿ!”