ಹನ್ನೊಂದು ಗಂಟೆಯ ಸಕ್ಕರೆ ಇಲ್ಲದ ಕಾಫಿ

ಬೇರೆಯವರ ಆಫೀಸಿನಲ್ಲಿ ಬರೀ ಕೆಲಸ ನಡೆಯುತ್ತದಂತೆ. ನಮ್ಮಲ್ಲಿ ವಾರಕ್ಕೊಂದು ಪ್ರಸಂಗ ಆಗದಿದ್ದರೆ ವಾರ ಮುಗಿದ ಹಾಗೇ ಅನ್ನಿಸುವುದಿಲ್ಲ. ಜೆ.ಪಿ. ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಎರಡು ಮಹಡಿ ನಮ್ಮ ಕಂಪನಿ. ಮಿಕ್ಸಿ, ಗ್ರೈಂಡರ್ ಮಾರುತ್ತೇವೆ. ಮಾರಾಟಕ್ಕೊಂದು ಸಾಫ್ಟ್‌ವೇರ್, ಗೋಡೌನಿಗೊಂದು, ಹಾಜರಿಗೊಂದು, ಕ್ಯಾಂಟೀನಿಗೂ ಒಂದು. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ನಡುವೆ ನಿಂತು ಇದರ ಸುದ್ದಿಯನ್ನು ಅದಕ್ಕೆ, ಅದರ ಸುದ್ದಿಯನ್ನು ಇದಕ್ಕೆ ಮುಟ್ಟಿಸುವ ಏರ್ಪಾಡಿಗೆ ಸರ್ವಿಸ್ ಬಸ್ ಅನ್ನುತ್ತಾರೆ. ನಮ್ಮ ಬಸ್ಸನ್ನು ಕಟ್ಟಿದವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದೆವು. ಹನ್ನೆರಡು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಬೈಸಿಕೊಂಡು, ನಾನು ಕೆಲಸ ಕಲಿತೆ. ಹೋದ ವರ್ಷ ಒಂದು ಭಾನುವಾರ ಸಾರಕ್ಕಿ ಮಾರ್ಕೆಟ್ಟಿನಿಂದ ಸೊಪ್ಪು ತಂದಿಟ್ಟು ಸೋಫಾದ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಈ ಪ್ರಸಂಗಗಳನ್ನು ನಗಿಸಬೇಕೆಂದೇ ಬರೆಯುತ್ತಿದ್ದೇನೆ. ನನಗೆ ಮಾತ್ರ ನಗು ಅರ್ಧದಲ್ಲೇ ನಿಂತುಹೋಗುತ್ತದೆ, ಏನು ಮಾಡಲಿ.

೧. ಧಾರೆಯ ಹೊತ್ತಿಗೆ

ಯಾವುದಾದರೂ ಸಾಫ್ಟ್‌ವೇರ್ ಉತ್ತರ ಕೊಡದಿದ್ದರೆ ಬಸ್ಸು ಮೂರು ಸಲ ಕೇಳಬೇಕು, ಆಮೇಲೆ ತಮ್ಮ ಮೊಬೈಲಿಗೆ ತಾನೇ ಫೋನ್ ಮಾಡಬೇಕು ಎಂದು ಮೇಷ್ಟ್ರು ವ್ಯವಸ್ಥೆ ಮಾಡಿಟ್ಟಿದ್ದರು. ಬೇರೆ ಯಾರ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ, ನನ್ನ ಮೇಲಂತೂ ಇಲ್ಲವೇ ಇಲ್ಲ.

ಅವರ ಮಗಳ ಮದುವೆ, ಬನಶಂಕರಿಯ ಛತ್ರ. ಧಾರೆ ಎರೆಯಲು ಎರಡೂ ಕೈ ಚಾಚಿದ್ದಾರೆ. ಅರಿಶಿನದ ತಟ್ಟೆಯ ಪಕ್ಕದಲ್ಲಿದ್ದ ಮೊಬೈಲು ಬಡಿದುಕೊಳ್ಳತೊಡಗಿತು. ಸದ್ದು ತಡೆಯಲಾರದೆ ಪುರೋಹಿತರೇ ಎತ್ತಿ ಕಿವಿಗಿಟ್ಟುಕೊಂಡರು.

"ಗೋಡೌನು ಉತ್ತರ ಕೊಡ್ತಿಲ್ಲವಂತೆ ಸ್ವಾಮಿ. ಒಂದು ಒತ್ತಿದ್ರೆ ಇನ್ನೊಂದು ಸಲ ಕೇಳುತ್ತಂತೆ, ಎರಡು ಒತ್ತಿದ್ರೆ ಬಿಟ್ಟುಬಿಡುತ್ತಂತೆ. ಏನು ಮಾಡ್ಲಿ?"

"ಒಂದು ಒತ್ತಿ," ಅಂದರು ಮೇಷ್ಟ್ರು.

ಮಂತ್ರ ಮುಂದುವರಿಯಿತು, ಫೋನು ಮತ್ತೆ ಬಂತು. "ಒಂದು ಒತ್ತಿ." ಮೂರನೇ ಸಲ ಪುರೋಹಿತರು ಇವರನ್ನು ಕೇಳಲೇ ಇಲ್ಲ. ಎರಡು ಒತ್ತಿ, ಮೊಬೈಲನ್ನು ಅಕ್ಕಿಯೊಳಗೆ ಹೂತಿಟ್ಟು, "ಬಿಟ್ಟುಬಿಟ್ಟೆ. ಮುಹೂರ್ತ ಮೀರ್ತಾ ಇದೆ, ನೀವು ನೀರು ಬಿಡಿ," ಅಂದರು.

ಸೋಮವಾರ ವರದಿ ಬರೆಯಬೇಕಾಯಿತು. ಗೋಡೌನಿಗೆ ಆರ್ಡರುಗಳು ಹೋಗದಿರಲು ಕಾರಣ ಎಂಬ ಜಾಗದಲ್ಲಿ ಮೇಷ್ಟ್ರು ಬರೆದರು: 'ಪುರೋಹಿತರ ತೀರ್ಮಾನ.'

೨. ಬಿಟ್ಟು ಹೋಗಲು ಕಾರಣ

ಇದು ನನ್ನ ತಪ್ಪು. ಯಾರಾದರೂ ಕೆಲಸ ಬಿಟ್ಟರೆ ಅವರಿಗೆ ತಾನಾಗಿಯೇ ಪ್ರಶ್ನೆಗಳು ಹೋಗುವಂತೆ ಜೋಡಿಸಿದ್ದವಳು ನಾನೇ. ಸಿಬ್ಬಂದಿ ಪಟ್ಟಿಯಲ್ಲಿ 'ಇದ್ದಾರೆ', 'ಬಿಟ್ಟಿದ್ದಾರೆ' ಎಂಬ ಎರಡೇ ಜಾಗ ಇದ್ದವು. ಮೂರನೆಯದೊಂದು ಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಆಫೀಸಿನವರು ಮೇಷ್ಟ್ರನ್ನು 'ಬಿಟ್ಟಿದ್ದಾರೆ' ಎಂದು ಗುರುತು ಹಾಕಿದರು. ಅವರ ನಂಬರ್ ಬಂದ್ ಆಗಿತ್ತು. ಹಾಗಾಗಿ ಪ್ರಶ್ನೆಗಳು ಎರಡನೇ ನಂಬರಿಗೆ, ಅಂದರೆ ಅವರ ಹೆಂಡತಿಗೆ ಹೋದವು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನವೇ.

"ಏನಮ್ಮಾ, ನಿಮ್ಮ ಆಫೀಸಿಂದ ಏನೋ ಬಂದಿದೆ," ಅಂತ ಫೋನ್ ಮಾಡಿದರು. "ನಮ್ಮನ್ನು ಬಿಟ್ಟು ಹೋಗಲು ಕಾರಣವೇನು ಅಂತ ಕೇಳಿದ್ದೀರಿ."

ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. "ಆಂಟಿ, ತಪ್ಪಾಗಿ ಬಂದಿದೆ. ದಯವಿಟ್ಟು ಡಿಲೀಟ್ ಮಾಡ್ಬಿಡಿ."

"ಇರು, ಓದ್ತೀನಿ. ಸಂಬಳ ಸಾಲದು. ಮನೆ ದೂರ. ಮೇಲಿನವರ ಕಿರುಕುಳ. ಇದಕ್ಕಿಂತ ಒಳ್ಳೇ ಅವಕಾಶ." ಟಕ್ ಎಂದು ಒತ್ತಿದ ಸದ್ದು ಕೇಳಿಸಿತು. "ಕೊನೇದು ಒತ್ತಿದೀನಿ. ಹಾಗಂತ ಅಂದ್ಕೊಳ್ಳೋಣ, ಅಲ್ವಾ?"

ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಮತ್ತೆ ಅವರದೇ ಫೋನು.

"ಈಗ, ಮತ್ತೆ ವಾಪಸ್ ಬರಲು ಇಷ್ಟವಿದೆಯಾ ಅಂತ ಕೇಳ್ತಿದೆ ಕಣಮ್ಮ. ಹೌದು ಅಂತ ಒತ್ತಿದೀನಿ. ಬಂದ್ರೆ ಮೊದಲು ಮನೆಗೆ ಕಳಿಸು, ಆಫೀಸಿಗೆ ಆಮೇಲೆ ಬರ್ತಾರೆ."

೩. ಒಂದು ಕಾಫಿ, ಮೂರು ವಾರ

ಆಮೇಲೆ ಮೇಲಿನವರು ಹಳೇ ಬಸ್ಸನ್ನು ಮುಚ್ಚಿ ಎಲ್ಲವನ್ನೂ ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿಗೆ, ಸಾಗಿಸಿ ಎಂದರು. ಕ್ಲೌಡಿನ ಕೆಲಸಕ್ಕೆ ಹೊಸದಾಗಿ ಬಂದವರು ಬಾಗಲಕೋಟೆ ಕಡೆಯವರು, ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ. ಬಹಳ ಶಿಸ್ತಿನ ಮನುಷ್ಯ. ಎಲ್ಲಿಂದ ಬರುತ್ತಿದೆ ಎಂದು ಗೊತ್ತಿಲ್ಲದ ಒಂದೇ ಒಂದು ಸುದ್ದಿ ಉಳಿದಿದ್ದರೂ ಹಳೆಯದನ್ನು ಮುಚ್ಚುವಂತಿಲ್ಲ ಎನ್ನುವುದು ಅವರ ನಿಯಮ.

ಉಳಿದದ್ದು ಒಂದೇ: ಮೇಷ್ಟ್ರ ಕಾಫಿ.

ಬೆಳಗ್ಗೆ ನಾವು ಬಾಗಿಲಲ್ಲಿ ಕಾರ್ಡ್ ತೋರಿಸಿದರೆ ಆ ಸುದ್ದಿ ಬಸ್ಸಿನ ಮೂಲಕ ಕ್ಯಾಂಟೀನಿನ ಟ್ಯಾಬ್‌ಗೆ ಹೋಗಿ, ಯಾರಿಗೆ ಟೀ, ಯಾರಿಗೆ ಕಾಫಿ ಎಂಬ ಪಟ್ಟಿ ಮೂಡುತ್ತದೆ. ಮೇಷ್ಟ್ರಿಗೆ ಈ ಏರ್ಪಾಡಿನ ಮೇಲೆ ವಿಪರೀತ ಹೆಮ್ಮೆ. "ನಾನು ಮಾಡಿದ್ರಲ್ಲಿ ಜನ ಕೈಯಲ್ಲಿ ಹಿಡ್ಕೊಳ್ಳೋದು ಇದೊಂದೇ," ಅನ್ನುತ್ತಿದ್ದರು. ಅವರು ಹೋಗಿ ಏಳು ತಿಂಗಳಾದರೂ ದಿನಾ ಹನ್ನೊಂದಕ್ಕೆ ಟ್ರೇ ಬಂದಾಗ ಅವರ ಖಾಲಿ ಮೇಜಿನ ಮೇಲೆ ಸಕ್ಕರೆ ಇಲ್ಲದ ಕಾಫಿ ಕೂರುತ್ತಿತ್ತು. ಲೋಟ ತುಂಬಿದಂತೆಯೇ ವಾಪಸ್ ಹೋಗುವುದನ್ನು ನೋಡಲಾರದೆ ನಾನೇ ಕುಡಿಯುತ್ತಿದ್ದೆ.

ನಾಲ್ವರು ಇಂಜಿನಿಯರುಗಳು ಮೂರು ವಾರ ಹುಡುಕಿದರು. ಹಾಜರಿಯಿಂದ ಹೆಸರು ತೆಗೆದರು, ಕಾಫಿ ಬಂತು. ಕ್ಯಾಂಟೀನಿನಿಂದ ತೆಗೆದರು, ಬಂತು.

"ಏನ್ ಮೇಡಂರೀ ಇದು, ಮನಷ್ಯಾ ಹೋದ್ರೂ ಕಾಫಿ ನಿಂದ್ರವಲ್ದು!" ಅಂದರು ಬಾಗಲಕೋಟೆಯವರು.

ಅದರ ಮೂಲ ನನಗೆ ಮೊದಲ ದಿನವೇ ಸಿಕ್ಕಿತ್ತು. ಹಳೇ ಬಸ್ಸಿನ ಒಂದು ಮೂಲೆಯಲ್ಲಿ ಮೇಷ್ಟ್ರೇ ಬರೆದಿಟ್ಟ ಒಂದು ಸಾಲು: ಕಾರ್ಡ್ ತೋರಿಸದಿದ್ದರೂ ತಮಗೆ ಕಾಫಿ ಕಳಿಸು ಅಂತ. ಪಕ್ಕದಲ್ಲೊಂದು ಟಿಪ್ಪಣಿ: 'ಕಾರ್ಡ್ ಮರೆತ ದಿನವೇ ಕಾಫಿ ಜಾಸ್ತಿ ಬೇಕು.' ಅದನ್ನು ಅಳಿಸಿದರೆ ಅವರು ಈ ಆಫೀಸಿನಿಂದ ನಿಜವಾಗಿ ಹೋಗಿಬಿಡುತ್ತಾರೆ ಅನ್ನಿಸಿ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆದರೆ ಎಷ್ಟು ದಿನ? ಒಂದು ಗುರುವಾರ ಸಂಜೆ ಎಲ್ಲರಿಗೂ ತೋರಿಸಿ ನಾನೇ ಅಳಿಸಿದೆ. ಹಳೇ ಬಸ್ಸು ನಿಂತಿತು. ಉತ್ತರಹಳ್ಳಿಯವರೆಗೂ ಆಟೋದಲ್ಲಿ ಅಳುತ್ತಲೇ ಹೋದೆ. ಡ್ರೈವರ್ ಅಣ್ಣ ಪಾಪ ರೇಡಿಯೋ ಆರಿಸಿದರು.

ಶುಕ್ರವಾರ ಹನ್ನೊಂದಕ್ಕೆ ಕಾಫಿ ಬಂತು.

ಬಾಗಲಕೋಟೆಯವರು ಕುರ್ಚಿಯಿಂದ ಎದ್ದೇ ನಿಂತರು. "ಮೇಡಂರೀ, ನಿಮ್ಮ ಮೇಷ್ಟ್ರು ಕ್ಲೌಡಿಗೂ ಬಂದಾರ್ರೀ!"

ಆಗ ಅವರು, ಮೂರು ವಾರದಲ್ಲಿ ನಾವ್ಯಾರೂ ಮಾಡದ ಕೆಲಸ ಮಾಡಿದರು. ಟ್ರೇ ಹಿಡಿದು ನಿಂತಿದ್ದ ಕ್ಯಾಂಟೀನಿನ ಅಕ್ಕನನ್ನು ಕೇಳಿದರು: "ಅಕ್ಕಾರ, ನಿಮ್ಮ ಟ್ಯಾಬ್‌ನ್ಯಾಗ ಈ ಹೆಸರು ಬಂದೈತೇನು?"

"ಯಾವ ಟ್ಯಾಬು? ಅದನ್ನ ನಾನು ಒಂದಿನಾನೂ ನೋಡಿಲ್ಲಪ್ಪ. ಯಾರಿಗೆ ಏನು ಅಂತ ನಂಗೊತ್ತಿಲ್ವಾ?"

ಎಲ್ಲರೂ ಕ್ಯಾಂಟೀನಿಗೆ ಓಡಿದೆವು. ಟ್ಯಾಬು ಮೂಲೆಯಲ್ಲಿ ಮಲಗಿತ್ತು, ಅದರ ಮೇಲೆ ಮೊಸರಿನ ಪಾತ್ರೆ. "ಸದಾ ಬೆಚ್ಚಗಿರುತ್ತೆ. ಚಳೀಲೂ ಹೆಪ್ಪು ಸಖತ್ತಾಗಿ ಕೂರುತ್ತೆ," ಅಂದರು ಅಕ್ಕ.

ನನಗೆ ಸಿಟ್ಟೇ ಬಂತು. ಆ ಮನುಷ್ಯನ ಅಷ್ಟು ಹೆಮ್ಮೆಯ ಕೆಲಸ! "ಅಕ್ಕಾ, ಇದು ಮೇಷ್ಟ್ರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಯಾರಿಗೂ ಹೇಳ್ಬೇಡಮ್ಮಾ ಅಂದಿದ್ರು. ದಿನಾ ಒಂದು ಬಟ್ಟಲು ಮೊಸರು ತಿಂದು ಹೋಗೋರು."

ನಾಲ್ಕೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಈ ಸಲ ಪೂರ್ತಿ. ಬಾಗಲಕೋಟೆಯವರು ಮಾತ್ರ ಶಿಸ್ತು ಬಿಡದೆ ಸುದ್ದಿಗಳ ಲೆಕ್ಕದ ತಮ್ಮ ಪಟ್ಟಿ ತೆರೆದು ಒಂದೊಂದೇ ಕೇಳಿದರು. ಸುದ್ದಿ ಎಲ್ಲಿಂದ? ಅಕ್ಕನಿಂದ. ಎಲ್ಲಿಗೆ? ಮೇಷ್ಟ್ರ ಮೇಜಿಗೆ. ಯಾವಾಗ ನಿಲ್ಲಿಸಬೇಕು?

ನಾನು ಅಕ್ಕನ ಕಡೆ ನೋಡಿದೆ. ಲೋಟ ತೊಳೆಯುತ್ತಿದ್ದ ಅಕ್ಕ ತಿರುಗಿಯೂ ನೋಡದೆ ಹೇಳಿದರು:

"ಅವರು ಬಂದು ಸಾಕು ಅಂದಾಗ."

ಅದನ್ನೇ ತುಂಬಿ, ಕೆಳಗೆ ಸಹಿ ಹಾಕಿದೆ.