ಒಂದು ಸಾಲೂ ಬಿಡಬೇಡ

ನಾನು ಮಾಡುವ ಕೆಲಸ ಏನೆಂದು ಹೆಂಡತಿಗೆ ಅರ್ಥ ಮಾಡಿಸಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಹನ್ನೆರಡನೆಯ ವರ್ಷ ಅವಳಿಗೆ ಅದು ಅಗತ್ಯಕ್ಕಿಂತ ಚೆನ್ನಾಗಿ ಅರ್ಥವಾಯಿತು. ನನ್ನ ದೂರು ಇರುವುದು ಈ ಹನ್ನೆರಡನೆಯ ವರ್ಷದ ಬಗ್ಗೆ.

ಕೆಲಸ ಇಷ್ಟೇ. ಜಾಲತಾಣದ ಪುಟಗಳಿಗೆ ಟೆಂಪ್ಲೇಟ್ ಎಂಬ ಅಚ್ಚು ಇರುತ್ತದೆ. ಅದರೊಳಗೆ ಕಂಪ್ಯೂಟರಿಗೆ ಬೇಕಾದ ಸಂಕೇತಗಳೂ ಮನುಷ್ಯರು ಓದುವ ಮಾತುಗಳೂ ಕಲಸಿಕೊಂಡಿರುತ್ತವೆ. ತಾಣವನ್ನು ಬೇರೆ ಭಾಷೆಗೆ ತರಬೇಕಾದರೆ ಮಾತುಗಳನ್ನಷ್ಟೇ ಹೆಕ್ಕಿ, ಪಟ್ಟಿ ಮಾಡಿ, ಅನುವಾದಕರಿಗೆ ಕೊಟ್ಟು, ಬಂದ ಅನುವಾದವನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕು. ನಾನು ಇದನ್ನು 'ಪಠ್ಯೋದ್ಧಾರ' ಎನ್ನುತ್ತೇನೆ. ಹೆಂಡತಿ ತನ್ನ ಸಹೋದ್ಯೋಗಿಗಳಿಗೆ, "ಇವರದು ಕಾಳಲ್ಲಿ ಕಲ್ಲು ಆರಿಸೋ ಕೆಲಸ" ಎಂದು ಹೇಳಿದ್ದಾಳೆ.

ಕಳೆದ ತಿಂಗಳು ಒಂದು ಹಲ್ಲಿನ ಆಸ್ಪತ್ರೆಯ ತಾಣವನ್ನು ಕನ್ನಡಕ್ಕೆ ತರಬೇಕಾಯಿತು. ಮನೆಯ ಪುಟ್ಟ ಕೋಣೆಯಲ್ಲಿ ಕುಳಿತು ಮೂರು ವರ್ಷ ಆ ತಾಣವನ್ನು ಕಟ್ಟಿದವನು ನಾನೇ. ನಾನೂರು ಪುಟ. ಕೈಯಿಂದ ಹೆಕ್ಕುತ್ತಾ ಕೂತರೆ ಮುಗಿಯುವಷ್ಟರಲ್ಲಿ ನಾನೇ ಆ ಆಸ್ಪತ್ರೆಗೆ ಗಿರಾಕಿಯಾಗುತ್ತಿದ್ದೆ. ಅದಕ್ಕೇ ಹೆಕ್ಕುವ ಕೆಲಸಕ್ಕೆ ಒಂದು ಪ್ರೋಗ್ರಾಂ ಬರೆದೆ. ಗುಂಡಿ ಒತ್ತಿದ್ದೇ ತಡ, ಎರಡು ಸಾವಿರದ ನೂರು ಸಾಲುಗಳು ಸರಸರನೆ ಬಂದು ಕೂತವು. (ಅವನ್ನು ಒಮ್ಮೆ ಓದಿ ನೋಡಬಹುದಿತ್ತು. ನನ್ನ ಬುದ್ಧಿವಂತಿಕೆಯ ಮೇಲೆ ನನಗಿದ್ದ ಗೌರವ ಅದಕ್ಕೆ ಅಡ್ಡಬಂತು.)

ಕಚೇರಿಯ ಅನುವಾದಕರು ಕಾಲು ಉಳುಕಿಸಿಕೊಂಡು ರಜೆಯಲ್ಲಿದ್ದರು. (ಅವರು ಕಾಲಿನಿಂದ ಅನುವಾದ ಮಾಡುತ್ತಿರಲಿಲ್ಲ, ಆದರೂ.) ಸೋಮವಾರಕ್ಕೆ ಕೆಲಸ ಮುಗಿಯಲೇಬೇಕೆಂದು ಮೇಲಧಿಕಾರಿ ಪಟ್ಟು ಹಿಡಿದರು. ನನ್ನ ಹೆಂಡತಿ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಔಷಧಿಯ ಚೀಟಿ ಕೈಗೆ ಸಿಕ್ಕರೂ ಕೆಂಪು ಪೆನ್ನು ತೆಗೆಯುತ್ತಾಳೆ. ಅವಳನ್ನೇ ಕೇಳಿಕೊಂಡೆ. ಒಪ್ಪಿದಳು.

ಶುಕ್ರವಾರ ಊಟದ ಮೇಜಿನ ಮುಂದೆ ಕೂತ ಹತ್ತೇ ನಿಮಿಷಕ್ಕೆ ವಿಚಾರಣೆ ಶುರುವಾಯಿತು.

"ರೀ, ಇಲ್ಲಿ 'ಬ್ಯಾಕ್' ಅಂತ ಇದೆ. ಹಿಂದೆ ಅಂತಲೋ, ಬೆನ್ನು ಅಂತಲೋ?"

"ಹಲ್ಲಿನ ಆಸ್ಪತ್ರೇಲಿ ಬೆನ್ನಿಗೇನು ಕೆಲಸ?"

"ನನಗೇನು ಗೊತ್ತು. ಇಲ್ಲಿ 'ಯು ಹ್ಯಾವ್' ಒಂದು ಸಾಲು, 'ಟೀತ್ ಟು ಫಿಲ್' ಇನ್ನೊಂದು ಸಾಲು. ವಾಕ್ಯಾನ ಹೀಗೆ ಕುತ್ತಿಗೆ ಹಿಡಿದು ಕತ್ತರಿಸಿದೋರು ಯಾರು?"

"ಮಧ್ಯೆ ಎಷ್ಟು ಹಲ್ಲು ಅಂತ ಕಂಪ್ಯೂಟರೇ ತುಂಬಿಕೊಳ್ಳುತ್ತೆ."

"ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರುತ್ತೆ ಅಂತ ನಿಮ್ಮ ಕಂಪ್ಯೂಟರಿಗೆ ಯಾರೂ ಹೇಳಿಲ್ವಾ?"

ನನಗೆ ರೇಗಿತು. "ನೋಡು, ಇರೋದನ್ನ ಇದ್ದ ಹಾಗೆ ಮಾಡು. ಪ್ರಶ್ನೆ ಬೇಡ. ಒಂದು ಸಾಲೂ ಬಿಡಬೇಡ."

"ಸರಿ" ಎಂದು ಕೆಲಸಕ್ಕೆ ತಿರುಗಿದಳು. ಶನಿವಾರ ಮಧ್ಯಾಹ್ನ ಒಮ್ಮೆ ಮಾತ್ರ, ಬಹಳ ಮೆತ್ತಗಿನ ದನಿಯಲ್ಲಿ, "ರೀ, 'ಫೇಕ್ ಮೀಟಿಂಗ್' ಅನ್ನೋದಕ್ಕೆ ಸುಳ್ಳು ಸಭೆ ಅನ್ಲಾ, ಹುಸಿ ಸಭೆ ಅನ್ಲಾ?" ಎಂದು ಕೇಳಿದಳು.

"ಹುಸಿ ಚೆನ್ನಾಗಿದೆ, ತೂಕ ಇದೆ" ಎಂದೆ ನಾನು, ಕಿಟಕಿಯ ಕಡೆ ನೋಡುತ್ತಾ. ಹಲ್ಲಿನ ಡಾಕ್ಟರಿಗೆ ಹುಸಿ ಸಭೆ ಏಕೆ ಬೇಕು ಎಂಬ ಯೋಚನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮುಗಿದ ಕಡತವನ್ನು ತೆರೆದೆ. ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ. 'ನೋವಿದೆಯೇ? ಇಲ್ಲಿ ಒತ್ತಿ.' ಸೊಗಸಾಗಿತ್ತು. ಇನ್ನಷ್ಟು ಕೆಳಗೆ ಹೋದೆ.

'ಈ ಗುಲಾಬಿ ಬಣ್ಣ ಡಾಕ್ಟರ ಪತ್ನಿಯವರ ಆಯ್ಕೆ. ಮುಂದೆ ಇದನ್ನು ನೋಡುವವರು ನನ್ನನ್ನು ಶಪಿಸಬಾರದು.'

ನನ್ನ ಬೆರಳು ಅಲ್ಲೇ ನಿಂತಿತು. ನಮ್ಮ ಕಸುಬಿನವರು ಅಚ್ಚಿನೊಳಗೆ ನಮಗೆ ನಾವೇ ಟಿಪ್ಪಣಿ ಬರೆದುಕೊಳ್ಳುವುದುಂಟು. ಪುಟದ ಮೇಲೆ ಅವು ಕಾಣುವುದಿಲ್ಲ, ಹಾಗಾಗಿ ಮನಸ್ಸಿಗೆ ಬಂದದ್ದನ್ನೆಲ್ಲ ಗೀಚುತ್ತೇವೆ. ನನ್ನ ಪ್ರೋಗ್ರಾಂ ಅವುಗಳನ್ನೂ ಬಿಟ್ಟಿರಲಿಲ್ಲ. ಹೆಂಡತಿಯೂ ಬಿಟ್ಟಿರಲಿಲ್ಲ.

'ಕೆಲಸ ಮುಗಿದಿದೆ. ಆದರೆ ಹೊರಗೆ ಕಿಟಕಿಯ ಪರದೆಗಳನ್ನು ತೊಳೆಯಲಾಗುತ್ತಿದೆ. ಆದ್ದರಿಂದ ಐದು ಗಂಟೆಯವರೆಗೆ ಹುಸಿ ಸಭೆ.'

'ಅತ್ತಿಗೆಯವರು ಸಂಗೀತಾಭ್ಯಾಸ ಮಾಡುತ್ತಿದ್ದಾರೆ. ಕಿವಿಗೆ ಹತ್ತಿ ಇಟ್ಟುಕೊಂಡು ಈ ಭಾಗವನ್ನು ಬರೆದಿದ್ದೇನೆ.'

'ಹೂಕುಂಡ ಒಡೆದದ್ದು ಬೆಕ್ಕಲ್ಲ, ನಾನು. ಯಾರಿಗೂ ಹೇಳದೆ ಇರಲಾಗುತ್ತಿಲ್ಲ. ಅದಕ್ಕೆ ಇಲ್ಲಿ ಬರೆದಿದ್ದೇನೆ.'

ಪೂರ್ಣವಿರಾಮಗಳೆಲ್ಲ ಅವಳೇ ಹಾಕಿದ್ದು. ನಾನು ಹಾಕಿರಲಿಲ್ಲ.

ಮೊದಲ ಮೂರನ್ನು, ಹೆಂಡತಿಯ ಅಕ್ಕನ ಸಂಗೀತದ್ದನ್ನೂ ಸೇರಿಸಿ, ಹೇಗೋ ನುಂಗಿಕೊಳ್ಳಬಹುದು. ಹೂಕುಂಡದ್ದು ಮಾತ್ರ ಗಂಭೀರ ಪ್ರಕರಣ. ಅದು ಹೆಂಡತಿಗೆ ಅವಳಮ್ಮ ಕೊಟ್ಟ ಕುಂಡ. ಎರಡು ವರ್ಷದ ಹಿಂದೆ ಅದು ಬಾಲ್ಕನಿಯಲ್ಲಿ ಒಡೆದಾಗ ನಾನು ಪಕ್ಕದ ಮನೆಯ ಬೆಕ್ಕಿನ ಕಡೆ ಬೆರಳು ತೋರಿಸಿದ್ದೆ. ಅಂದಿನಿಂದ ಹೆಂಡತಿಗೂ ಬೆಕ್ಕಿನ ಒಡತಿ ಟೈಲರಮ್ಮನಿಗೂ ಮಾತಿಲ್ಲ. ಅದಕ್ಕೆ ಮುಂಚೆ ಇಬ್ಬರೂ ದಿನಾ ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದರು.

ತಲೆ ಎತ್ತಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಓದಿದ್ರಾ?"

"ಹೂಂ."

"ತಪ್ಪೇನಾದ್ರೂ ಇದೆಯಾ?"

"ಅನುವಾದದಲ್ಲಿ ಇಲ್ಲ."

"ಹಾಗಾದ್ರೆ ಚಪ್ಪಲಿ ಹಾಕ್ಕೊಳ್ಳಿ."

ಟೈಲರಮ್ಮ ಬಾಗಿಲು ತೆರೆದು, ಹೆಂಡತಿಯನ್ನು ನೋಡಿ, ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ಜಾಗ ಮಾಡಿದರು. ನಾನು ನಿಂತುಕೊಂಡೇ ತಪ್ಪೊಪ್ಪಿಗೆ ಒಪ್ಪಿಸಿದೆ. ಬೆಕ್ಕು ಹೊಲಿಗೆ ಯಂತ್ರದ ಮೇಲಿನಿಂದ ಕೇಳಿಸಿಕೊಂಡಿತು.

"ನನಗೆ ಅವತ್ತೇ ಗೊತ್ತಿತ್ತಪ್ಪ" ಎಂದರು ಟೈಲರಮ್ಮ. "ಈ ಕಿಟಕೀಲೇ ಹೊಲೀತಾ ಕೂತಿದ್ದೆ. ನೀವು ಹೊಟ್ಟೆ ಕರಗಿಸೋಕೆ ಅಂತ ಹಗ್ಗ ಹಾರ್ತಿದ್ರಿ. ಆರನೇ ಸಲಕ್ಕೆ ಕುಂಡಕ್ಕೆ ಸಿಕ್ಕಿಕೊಳ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಎಂದಳು ಹೆಂಡತಿ.

"ಹೇಳೋಣ ಅಂತಲೇ ಎದ್ದೆ ಕಣಮ್ಮ. ಅಷ್ಟ್ರಲ್ಲಿ ಇವರ ಮುಖ ಕಾಣಿಸ್ತು. ಬೆಕ್ಕಾದ್ರೆ ಬೈಸಿಕೊಂಡು ಮರೆತುಬಿಡುತ್ತೆ, ಇವರು ತಡ್ಕೊಳ್ಳಲ್ಲ ಅನ್ನಿಸ್ತು."

ಹೆಂಡತಿಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರೂ ಬಂತು. ಟೈಲರಮ್ಮನದೂ ಅದೇ ಕಥೆ. ಎರಡು ವರ್ಷದ ಬಾಕಿ ಮಾತು ಶುರುವಾದ ಮೇಲೆ ನಾನಿರುವುದು ಇಬ್ಬರಿಗೂ ಮರೆತುಹೋಯಿತು. ಮೆಲ್ಲಗೆ ಮನೆಗೆ ಬಂದು, ಟಿಪ್ಪಣಿಗಳ ಅನುವಾದವನ್ನೆಲ್ಲ ಅಳಿಸಿ, ಉಳಿದದ್ದನ್ನು ಕಚೇರಿಗೆ ಕಳಿಸಿ, ಗಂಡಾಂತರ ಕಳೆಯಿತೆಂದು ಹಾಯಾಗಿ ಮಲಗಿದೆ.

ಸೋಮವಾರ ಮೇಲಧಿಕಾರಿ ನನ್ನ ಬೆನ್ನು ತಟ್ಟಿದರು. "ಡಾಕ್ಟರಿಗೆ ತುಂಬಾ ಹಿಡಿಸಿದೆ ಕಣ್ರೀ. ಉಳಿದ ಒಂಬತ್ತು ಸೈಟುಗಳೂ ನಿಮ್ಮ ಮನೆಯವರಿಗೇ."

"ಆಗಲಿ ಸರ್. ಪ್ರೋಗ್ರಾಂ ಒಂಚೂರು ತಿದ್ದಬೇಕು. ಬೇಡದ ಟಿಪ್ಪಣಿಗಳೆಲ್ಲ ಬರ್ತಿವೆ."

"ಏನೂ ತಿದ್ದಬೇಡಿ. ನಿಮ್ಮ ಮನೆಯವರ ಹತ್ತಿರಾನೇ ಮಾತಾಡಿದೆ. ಟಿಪ್ಪಣಿ ಸಮೇತ ಬೇಕೇ ಬೇಕು ಅಂದ್ರು. ಬರೆದೋರ ಮನಸ್ಸಲ್ಲಿ ಏನಿತ್ತು ಅಂತ ಗೊತ್ತಾಗದೆ ಅನುವಾದ ಮಾಡೋಕಾಗಲ್ವಂತೆ. ಎಂಥಾ ಶ್ರದ್ಧೆ ನೋಡಿ. ಬೆಳಿಗ್ಗೇನೇ ಒಂಬತ್ತನ್ನೂ ಕಳಿಸಿಬಿಟ್ಟೆ."

ಒಂಬತ್ತೂ ನಾನೇ ಬರೆದವು. ಎಂಟು ವರ್ಷಗಳ ಟಿಪ್ಪಣಿಗಳು.

ಸಂಜೆ ಮನೆಗೆ ಬಂದಾಗ ಅವಳು ಮೇಜಿನ ಮುಂದೆ ಕನ್ನಡಕ ಏರಿಸಿ ಕೂತಿದ್ದಳು.

"ಬನ್ನಿ. ಒಂದು ಸಣ್ಣ ಅನುಮಾನ. ಇಂಗ್ಲಿಷಲ್ಲಿ 'ಶಿ' ಅಂತ ಮಾತ್ರ ಇದೆ. 'ಶಿ ನೆವರ್ ಸ್ಟಾಪ್ಸ್ ಟಾಕಿಂಗ್' ಅಂತ. 'ಅವಳು' ಅಂತ ಬರೆದ್ರೆ ಅದು ನಾನು. 'ಅವರು' ಅಂತ ಬರೆದ್ರೆ ನಮ್ಮಕ್ಕ. ಯಾವುದು ಹಾಕ್ಲಿ?"

ಎದೆ ಗಟ್ಟಿ ಮಾಡಿಕೊಂಡು, "ಅವರು. ಗೌರವದಿಂದಲೇ ಬರಿ" ಎಂದೆ.

ಅವಳು ತಲೆಯಾಡಿಸಿ ಬರೆದುಕೊಂಡಳು. ಆಮೇಲೆ ಫೋನು ಎತ್ತಿಕೊಂಡಳು.

"ಅಕ್ಕಾ, ಬಿಡುವಾಗಿದೀಯಾ? ನಿನ್ನ ಬಗ್ಗೆ ಇವರೇನೋ ಬರೆದಿದಾರೆ. ತಾಳು, ಓದಿ ಹೇಳ್ತೀನಿ."