ಮೇಜಿನ ಮೇಲಿದ್ದ ಅಧಿಕಾರ

ಟ್ರೈನ್ಚೆ: ನಾಳೆ ಅಂದ್ರೆ ಎಷ್ಟು ಗಂಟೆಗೆ ಅಂತಾನಾದ್ರೂ ಹೇಳಿ ಬಂದ್ರಾ?

ಫೊಪ್ಪೆ: ಕ್ರಾಂತಿ ಗಂಟೆ ನೋಡ್ಕೊಂಡು ಬರಲ್ಲ ಕಣೇ. ಅದೇನು ಆಮ್‌ಸ್ಟರ್‌ಡಾಮಿನ ದೋಣಿಯಾ?

ಟ್ರೈನ್ಚೆ: ದೋಣಿ ಆಗಿದ್ರೆ ತಡವಾಗಿ ಆದ್ರೂ ಬರ್ತಿತ್ತು. ಗಂಟೆ ಒಂಬತ್ತಾಯ್ತು, ಬೀದೀಲಿ ಹಾಲಿನವನೊಬ್ಬನ್ನ ಬಿಟ್ರೆ ಒಂದು ನರಪಿಳ್ಳೆ ಇಲ್ಲ.

ಫೊಪ್ಪೆ: ಹಾಲಿನವನೂ ಕಾರ್ಮಿಕನೇ.

ಟ್ರೈನ್ಚೆ: ಅವನು ಬಂದಿದ್ದು ಹಾಲಿಗೆ ಬೆರೆಸಿದ ನೀರು ಕೊಡೋಕೆ. ಕಾಲೆತ್ತಿ, ಬಿಸಿನೀರು ಹಾಕ್ತೀನಿ.

ಹೆಂಡತಿಯ ಮಾತಿಗೆ ಫೊಪ್ಪೆ ರೀಟ್ಸ್ಮಾ ಕಾಲೆತ್ತಿದ. ಝಾನ್ ನದಿಯ ದಂಡೆಯ ಆ ಊರಿನ ಕಾರ್ಮಿಕರ ನಾಯಕ, ಹೇಗ್‌ನ ಸಂಸತ್ತಿನಲ್ಲಿ ಹನ್ನೊಂದು ವರ್ಷದಿಂದ ಗುಡುಗುತ್ತಿದ್ದ ಸದಸ್ಯ, ಆ ಮಂಗಳವಾರ ಬೆಳಗ್ಗೆ ಅಡುಗೆಮನೆಯಲ್ಲಿ ಮೊಣಕಾಲವರೆಗೆ ಪ್ಯಾಂಟು ಮಡಚಿ, ಸಾಸಿವೆ ಕದಡಿದ ಬಿಸಿನೀರಿನ ತೊಟ್ಟಿಯಲ್ಲಿ ಪಾದ ಮುಳುಗಿಸಿ ಕೂತಿದ್ದ. ಹನ್ನೆರಡನೆಯ ವಯಸ್ಸಿಗೆ ಅಚ್ಚುಕೂಟ ಸೇರಿ ಅಚ್ಚುಮೊಳೆ ಜೋಡಿಸಿದವನು. ಇಪ್ಪತ್ತಕ್ಕೆ ಮೊದಲ ಮುಷ್ಕರ, ಇಪ್ಪತ್ತೇಳಕ್ಕೆ ರಾಣಿಯ ಬಗ್ಗೆ ಒಂದು ಮಾತು ಹೆಚ್ಚಾಗಿ ಮೂರು ತಿಂಗಳು ಜೈಲು. ಈಗ ಐವತ್ತಮೂರು. ಹಿಂದಿನ ಸಂಜೆ ನಾಟಕಶಾಲೆಯಲ್ಲಿ ಎರಡು ಸಾವಿರ ಜನ. ಮಹಾಯುದ್ಧ ಮುಗಿದಿತ್ತು, ಜರ್ಮನಿಯ ಕೈಸರನೇ ಗಂಟುಮೂಟೆ ಕಟ್ಟಿ ಗಡಿ ದಾಟಿ ಓಡಿ ಬಂದಿದ್ದ. ಫೊಪ್ಪೆಗೆ ನೆತ್ತರು ಕುದಿಯಿತು. ಕಾಗದದಲ್ಲಿ ಬರೆದುಕೊಳ್ಳದ ಒಂದು ವಾಕ್ಯ ಬಾಯಿಂದ ಹಾರಿಬಿಟ್ಟಿತು: “ನಾಳೆಯಿಂದ ಈ ಊರಿನ ಅಧಿಕಾರ ನಮ್ಮ ಕೈಯಲ್ಲಿ!” ಚಾವಣಿ ಹಾರಿಹೋಗುವಂತೆ ಚಪ್ಪಾಳೆ. ಅದರ ಜೊತೆಗೆ ಅವನ ಗಂಟಲೂ ಕಟ್ಟಿತು; ಈ ಸಾಸಿವೆ ನೀರು ಅದಕ್ಕೇ.

ಟ್ರೈನ್ಚೆ: ನಿಮ್ಮ ಸಮಿತಿಯವರೆಲ್ಲಿ?

ಫೊಪ್ಪೆ: ಕೆಲಸಕ್ಕೆ ಹೋಗಿದಾರೆ. ರಜಾ ಹಾಕಿದ್ರೆ ಕೂಲಿ ಮುರೀತಾರಂತೆ.

ಟ್ರೈನ್ಚೆ: ಯಾರು, ಇವತ್ತು ಬೀಳಬೇಕಾದ ಮಾಲೀಕರಾ?

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಟ್ರೈನ್ಚೆ ಕಿಟಕಿಯಿಂದ ಇಣುಕಿದಳು.

ಟ್ರೈನ್ಚೆ: ರೀ, ಮೇಯರು! ಎತ್ತರದ ಟೋಪಿ ಹಾಕ್ಕೊಂಡು ಬಂದಿದಾನೆ.

ಫೊಪ್ಪೆಯ ಎದೆ ಅರಳಿತು. ಬಂಧನ! ಬೀದಿ ಬರಿದಾಗಿದ್ದ ಅವಮಾನಕ್ಕೆ ಇದಕ್ಕಿಂತ ಒಳ್ಳೆಯ ಮುಲಾಮು ಯಾವುದಿದೆ?

ಫೊಪ್ಪೆ: ನನ್ನ ಕೋಟು ಕೊಡು. ಉಣ್ಣೆ ಕಾಲುಚೀಲ ಎರಡು ಜೊತೆ ಕಟ್ಟು. ಅಳಬೇಡ.

ಟ್ರೈನ್ಚೆ: ಯಾರು ಅಳ್ತಿದಾರೆ? ಒಂದು ಜೊತೆ ಒಗೆಯೋಕೆ ಹಾಕಿದೀನಿ, ಇನ್ನೊಂದು ಜೊತೆ ತೂತು.

ಮೇಯರ್ ವಾನ್ ಉಲ್ಸೆನ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಮುಖ ಬಾಡಿತ್ತು, ಮೂಗು ಚಳಿಗೆ ಕೆಂಪಾಗಿತ್ತು.

ಫೊಪ್ಪೆ: (ತೊಟ್ಟಿಯಲ್ಲೇ ಎದ್ದು ನಿಂತು) ಮೇಯರ್ ಸಾಹೇಬ್ರೇ, ನಾನು ಸಿದ್ಧ!

ಮೇಯರ್: ನಿಜವಾಗ್ಲೂ? ಅಬ್ಬ, ಬದುಕಿದೆ! ನೀವು ಹಿಂದೆಮುಂದೆ ನೋಡ್ತೀರೇನೋ ಅಂತ ದಾರಿಯುದ್ದಕ್ಕೂ ಭಯ ಇತ್ತು.

ಫೊಪ್ಪೆ: ಹೆದರೋ ಮಗ ನಾನಲ್ಲ. ಹಿಂದೆಯೂ ಮೂರು ತಿಂಗಳು ಅನುಭವಿಸಿದೀನಿ.

ಮೇಯರ್: ಮೂರು ತಿಂಗಳು ಸಾಲಲ್ಲ ರೀಟ್ಸ್ಮಾ ಅವರೇ. ನಾನು ಒಂಬತ್ತು ವರ್ಷ ಅನುಭವಿಸಿದೆ.

ಫೊಪ್ಪೆ: ನೀವು ಜೈಲಿಗೆ ಹೋಗಿದ್ರಾ?

ಮೇಯರ್: ಜೈಲಲ್ಲ, ಪುರಭವನ. ತಗೊಳ್ಳಿ!

ಎಂದವನೇ ಮೇಜಿನ ಮೇಲೆ ಮಣಭಾರದ ಬೀಗದಕೈ ಗೊಂಚಲನ್ನು ಧಡ್ಡನೆ ಇಟ್ಟ.

ಫೊಪ್ಪೆ: ಇದೇನಿದು?

ಮೇಯರ್: ಅಧಿಕಾರ. ನೀವೇ ಕೇಳಿದ್ರಲ್ಲ ನಿನ್ನೆ. ಇದು ಪುರಭವನದ್ದು. ಇದು ತೂಬಿನದ್ದು, ಉಬ್ಬರ ಬಂದಾಗ ಮುಚ್ಚೋಕೆ ಮರೆತ್ರೆ ಊರು ಮುಳುಗುತ್ತೆ. ಇದು ಲಾಕಪ್ಪಿಂದು, ಒಳಗೊಬ್ಬ ಕುಡುಕ ಇದಾನೆ, ತಿಂಡಿ ತಡವಾದ್ರೆ ನಿಮ್ಮ ತಾಯಿ ತನಕ ಬೈತಾನೆ.

ಫೊಪ್ಪೆ ಮೆಲ್ಲಗೆ ಕೂತ. ನೀರು ತಣ್ಣಗಾಗಿದೆ ಎನ್ನಿಸಿತು. ಮೊದಲು ಯಾವ ಬೀಗ ತೆಗೆಯುವುದು? ತೆಗೆದು ಏನು ಹೇಳುವುದು? ಅಷ್ಟು ವರ್ಷದ ಭಾಷಣಗಳಲ್ಲಿ ಒಂದರಲ್ಲೂ ತೂಬಿನ ವಿಷಯ ಬಂದಿರಲಿಲ್ಲ.

ಫೊಪ್ಪೆ: ನೋಡಿ... ನಾನು ಹೇಳಿದ್ದು ತಾತ್ವಿಕವಾಗಿ.

ಮೇಯರ್: ನಾನು ಕೊಡ್ತಿರೋದೂ ತಾತ್ವಿಕವಾಗೇ. ಬೀಗದಕೈ ಮಾತ್ರ ಕಬ್ಬಿಣದ್ದು.

ಫೊಪ್ಪೆ: ಸಮಿತಿ ಸೇರಬೇಕು, ನಿರ್ಣಯ ಆಗಬೇಕು. ಅಲ್ಲದೆ ನೀವು ರಾಣಿಯವರು ನೇಮಿಸಿದ ಮೇಯರು! ಹೀಗೆ ನಡುನೀರಲ್ಲಿ ಬಿಟ್ಟುಹೋಗೋದು ಕಾನೂನಿಗೆ ವಿರುದ್ಧ.

ಮೇಯರ್: ಅದೇ ರಾಣಿಯನ್ನಲ್ವೇ ನೀವು ನಿನ್ನೆ ಮನೆಗೆ ಕಳಿಸ್ತೀನಿ ಅಂದಿದ್ದು?

ಫೊಪ್ಪೆ: ಕಳಿಸೋವರೆಗೆ ಗೌರವ ಕೊಡಬೇಕಲ್ರೀ!

ಟ್ರೈನ್ಚೆ ಗೊಂಚಲನ್ನೇ ನೋಡುತ್ತಿದ್ದಳು.

ಟ್ರೈನ್ಚೆ: ಮೇಯರ್ ಸಾಹೇಬ್ರೇ, ಇವುಗಳಲ್ಲಿ ಆಲೂಗಡ್ಡೆ ಉಗ್ರಾಣದ್ದು ಯಾವ್ದು?

ಮೇಯರ್: ತುಕ್ಕು ಹಿಡಿದಿದೆಯಲ್ಲ, ಅದು. ಆದ್ರೆ ಅದು ಸೈನ್ಯಕ್ಕೆ ಮೀಸಲು, ತಾಯಿ. ಜನಕ್ಕೆ ಕೊಡಬಹುದಾ ಅಂತ ಹೇಗ್‌ಗೆ ಬರೆದು ಒಂಬತ್ತು ದಿನ ಆಯ್ತು, ಉತ್ತರ ಇಲ್ಲ.

ಟ್ರೈನ್ಚೆ: ಯುದ್ಧ ಮುಗೀತು, ಸೈನ್ಯ ಮನೆಗೆ ಹೊರಟಿದೆ. ನಮ್ಮ ಬೀದೀಲಿ ಏಳು ಮನೇಲಿ ಜ್ವರ, ಮಕ್ಕಳು ಟರ್ನಿಪ್ ಗೆಡ್ಡೆಯ ಗಂಜಿ ಕುಡಿದು ಮಲಗಿವೆ. ಆಲೂಗಡ್ಡೆ ಒಳಗೆ ಮೊಳಕೆ ಒಡೀತಾ ಕೂತಿದೆ. ಈಗ ಹೇಳಿ, ಅಧಿಕಾರ ಯಾರ ಕೈಲಿದೆ?

ಮೇಯರ್: ನನ್ನ ಕೈಲಿಲ್ಲಮ್ಮ. ನಾನು ಕೊಟ್ಟಾಯ್ತು.

ಫೊಪ್ಪೆ: ನನ್ನ ಕೈಲೂ ಇಲ್ಲ. ನಾನು ತಗೊಂಡಿಲ್ಲ.

ಟ್ರೈನ್ಚೆ: ಹಾಗಾದ್ರೆ ಮೇಜಿನ ಮೇಲಿದೆ. ಮೇಜು ನಂದು, ನಮ್ಮಪ್ಪ ಮದುವೇಲಿ ಮಾಡಿಸಿಕೊಟ್ಟಿದ್ದು.

ಗೊಂಚಲು ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿದಳು, ಮರದ ಜೋಡು ಮೆಟ್ಟಿದಳು, ಹೊರಟೇಬಿಟ್ಟಳು. ಕಿಟಕಿಯಾಚೆ ಅವಳು ಬಡಿದಂತೆಲ್ಲ ಬೀದಿಯ ಬಾಗಿಲುಗಳು ಒಂದೊಂದೇ ತೆರೆದವು. ಒಬ್ಬಳ ಹಿಂದೆ ಇಬ್ಬರು, ಇಬ್ಬರ ಹಿಂದೆ ಹತ್ತು ಹೆಂಗಸರು, ಕೈಯಲ್ಲಿ ಚೀಲ, ತಳ್ಳುಗಾಡಿ, ಮಗುವಿನ ಗಾಡಿ. ಕಲ್ಲುಹಾಸಿನ ಮೇಲೆ ಮರದ ಜೋಡುಗಳ ಟಕಟಕ. ಬೆಳಗ್ಗಿನಿಂದ ತಾನು ಕಾಯುತ್ತಿದ್ದ ಸದ್ದು ಅದೇ ಎಂದು ಫೊಪ್ಪೆಗೆ ಹೊಳೆಯಿತು. ಎದ್ದು ಓಡೋಣವೆಂದರೆ ಕಾಲು ಒದ್ದೆ.

ಮೇಯರ್: ಎಷ್ಟು ಹೊತ್ತಾಗಬಹುದು?

ಫೊಪ್ಪೆ: ಗೊತ್ತಿಲ್ಲ. ನಮ್ಮ ಮನೇಲಿ ಅವಳನ್ನ ಹಾಗೆಲ್ಲ ಕೇಳೋ ಧೈರ್ಯ ಯಾರಿಗೂ ಇಲ್ಲ.

ಮೇಯರ್: ಆ ನೀರು ಇನ್ನೂ ಬಿಸಿ ಇದೆಯಾ?

ಫೊಪ್ಪೆ ಕೆಟಲಿನ ನೀರು ಸುರಿದು ಸ್ವಲ್ಪ ಸರಿದು ಕೂತ. ರಾಣಿಯ ಮೇಯರು ಬೂಟು ಕಳಚಿ ತಾನೂ ಪಾದ ಇಳಿಬಿಟ್ಟ.

ಮಧ್ಯಾಹ್ನ ಟ್ರೈನ್ಚೆ ಬಂದಾಗ ತಲೆಗೂದಲವರೆಗೂ ಮಣ್ಣು. ಉಗ್ರಾಣ ಖಾಲಿಯಾಗಿತ್ತು. ತಲೆಗೆ ನಾಲ್ಕು ಕಿಲೋ, ಜ್ವರದ ಮನೆಯವರಿಗೆ ಆರು. ಕಾವಲಿಗಿದ್ದ ಇಬ್ಬರು ಸಿಪಾಯಿಗಳೂ ಬಾಗಿಲು ತೆರೆದು ಹಿಡಿದು ನಿಂತಿದ್ದು, ಕೊನೆಗೆ ತಮ್ಮ ಪಾಲು ಟೋಪಿಯಲ್ಲಿ ತುಂಬಿಕೊಂಡು ಹೋದರಂತೆ. ಅವಳು ಗೊಂಚಲನ್ನು ಮೇಯರನ ತೊಡೆಯ ಮೇಲೆ ಹಾಕಿದಳು.

ಟ್ರೈನ್ಚೆ: ಹೋಗಿ, ಉಬ್ಬರ ಏರ್ತಿದೆ, ತೂಬು ಮುಚ್ಚಿ. ಕುಡುಕನಿಗೆ ತಿಂಡಿ ಆಗಿದೆ.

ಮೇಯರ್ ಬೂಟು ಹಾಕಿಕೊಂಡು, ಹತ್ತು ವರ್ಷ ಚಿಕ್ಕವನಾದಂತೆ ತೂಬಿನ ಕಡೆ ನಡೆದುಹೋದ. ಗಂಡಹೆಂಡತಿ ಇಬ್ಬರೇ ಉಳಿದರು.

ಫೊಪ್ಪೆ: ಹೇಗಿತ್ತೇ, ಅಧಿಕಾರ?

ಟ್ರೈನ್ಚೆ: ಭಾರ. ಒಂದೊಂದು ಮೂಟೆ ಐವತ್ತು ಕಿಲೋ.

ಫೊಪ್ಪೆ ತೊಟ್ಟಿಯಿಂದ ಕಾಲು ಹೊರಗೆ ತೆಗೆದ. ನೀರಿನಲ್ಲಿ ಸುಕ್ಕುಗಟ್ಟಿದ ಕಾಲ್ಬೆರಳುಗಳನ್ನು ಒರೆಸಿಕೊಂಡ.

ಫೊಪ್ಪೆ: ಸಂಜೆ ಮತ್ತೆ ಸಭೆ ಇದೆ. ನಾನು ಜನರನ್ನ ತಪ್ಪಾಗಿ ಅಳೆದೆ ಅಂತ ಎಲ್ಲರ ಎದುರಿಗೆ ಹೇಳಿಬಿಡ್ತೀನಿ. ಇತಿಹಾಸದ ಹಿನ್ನೆಲೆ, ಯುರೋಪಿನ ಪರಿಸ್ಥಿತಿ, ಆಮೇಲೆ ನನ್ನ ತಪ್ಪು. ಒಂದೂವರೆ ಗಂಟೆ ಸಾಕು.

ಟ್ರೈನ್ಚೆ: ಎರಡು ನಿಮಿಷದಲ್ಲಿ ಹೇಳಿ ಇಳೀರಿ. ಜನ ಒಲೆ ಮೇಲೆ ಆಲೂಗಡ್ಡೆ ಇಟ್ಟು ಬಂದಿರ್ತಾರೆ, ಸೀದುಹೋದ್ರೆ ಆಗ ನಿಜವಾಗ್ಲೂ ಕ್ರಾಂತಿ ಆಗುತ್ತೆ!